ಅಟ್ಟದ ಮೇಲೆ ಮಡಿಸಿದ ಕಿವಿ

೩-೨-೧೯೭೯, ಶನಿವಾರ

ಹಾಲು ಕರೆದಾಯಿತು. ಕೊಬ್ಬರಿಗೆಂದು ಕಾಯಿ ಒಣಹಾಕಿದ ಅಟ್ಟವನ್ನು ಹತ್ತಿದೆ. ಬೆಕ್ಕು ಮರಿ ಹಾಕಿ ಇಪ್ಪತ್ತೆರಡು ದಿನ. ಮೂರರಲ್ಲಿ ಎರಡು ಸರಿ ಇವೆ. ಬಿಳಿಯದರ ಕಿವಿ ಮಾತ್ರ ಮುಂದಕ್ಕೆ ಮಡಿಸಿಕೊಂಡಿದೆ — ಅಡಿಕೆ ಇಟ್ಟು ಎಲೆ ಮಡಿಸಿದ ಹಾಗೆ! ಹೋದ ವಾರ ನೆಟ್ಟಗಿತ್ತು, ನಾನೇ ನೋಡಿದ್ದೇನೆ. ದುಂಡು ಮುಖ, ಬಟ್ಟಲುಗಣ್ಣು. ಪಕ್ಕದ ಮನೆ ಸುವರ್ಣಮ್ಮ ಇಣುಕಿದಳು. "ಅಯ್ಯೋ ಗುರುಸಿದ್ದಕ್ಕ, ಗೂಬೆ ಮುಖ ಕಣಕ್ಕ! ಮನೇಲಿಕ್ಕೋಬೇಡ." ಕನ್ನಡಿ ನೋಡಿಕೊಂಡು ಬಾ ಎಂದೆ.

೬-೨

ಮಗ ತೋಂಟದಾರ್ಯನ ಕಿವಿಗೂ ಅವಳೇ ಊದಿದ್ದಾಳೆ.

"ಕಿವಿ ಮುಚ್ಕೊಂಡಿರೋ ಬೆಕ್ಕಿಗೆ ಇಲಿ ಸದ್ದು ಹೆಂಗವ್ವ ಕೇಳ್ತದೆ? ಕಿವುಡು ಅದು. ಭಾನುವಾರ ಕಂದಿಕೆರೆಗೆ ಹೋಗ್ತೀನಲ್ಲ, ಚೀಲದಲ್ಲಿ ಹಾಕ್ಕೊಂಡೋಗಿ ಬುಟ್ಬತ್ತೀನಿ."

"ನಿನ್ನ ಕಿವಿ ನೆಟ್ಟಗವೆ. ನಾನ್ ಹೇಳಿದ್ದು ಯಾವತ್ತು ಕೇಳ್ಸೈತ್ಲಾ?"

ಅಂಗೈಯಷ್ಟು ಮರಿ... ತಾಯಿ ಬಿಟ್ಟು ಬದುಕೀತೆ?

೮-೨, ಮಧ್ಯಾಹ್ನ

ಹಸು ನೋಡಲು ದನದ ಡಾಕ್ಟರು ಲಕ್ಷ್ಮಯ್ಯ ಬಂದಿದ್ದರು. ಮರಿ ತೋರಿಸಿದೆ. ಅವರು ಕುಣಿಯುವುದೊಂದು ಬಾಕಿ!

"ಅಜ್ಜಿ, ಬುಕ್ಕಲ್ಲಿ ಓದಿದ್ದೆ, ಕಣ್ಣಲ್ಲಿ ನೋಡಿರ್ಲಿಲ್ಲ. ಸ್ಕಾಟ್ಲೆಂಡಲ್ಲಿ ಇಂಥ ಜಾತಿನೇ ಐತೆ. ಅರವತ್ತೊಂದ್ರಲ್ಲಿ ಒಬ್ಬ ಕುರಿ ಕಾಯೋನು ಪಕ್ಕದೋರ ಕೊಟ್ಟಿಗೇಲಿ ಬಿಳಿ ಬೆಕ್ಕು ನೋಡಿದ, ಇದೇ ಥರ ಕಿವಿ. ಅಷ್ಟೂ ಸಂತಾನ ಅದರದ್ದೇ. ಹುಟ್ಟಿದಾಗ ಕಿವಿ ನೆಟ್ಟಗಿರ್ತದೆ, ಮೂರು ವಾರಕ್ಕೆ ಮಡಚ್ಕೊಳ್ತದೆ. ಇದೂ ಅದೇನಾ ಅಂತ ಹೇಳಕ್ಕಾಗಲ್ಲ..."

ಬಾಲ ಬಗ್ಗಿಸಿ ನೋಡಿದರು. ಕೆಲವಕ್ಕೆ ಮೂಳೆ ಪೆಡಸಾಗುತ್ತದಂತೆ. ಇದರದು ಮೆತ್ತಗಿದೆ. ಕಿವಿ? ಚೆನ್ನಾಗಿ ಕೇಳಿಸುತ್ತದಂತೆ!

ಅಲ್ಲಿ ಸ್ಕಾಟ್ಲೆಂಡಿನ ಕೊಟ್ಟಿಗೆ, ಇಲ್ಲಿ ನಮ್ಮ ಶೆಟ್ಟಿಕೆರೆಯ ಅಟ್ಟ!

೧೦-೨, ಶನಿವಾರ

ಮಗ ನಂಬಲಿಲ್ಲ. "ಡಾಕ್ಟ್ರು ಹೇಳಿದ್ರೆ ಇಲಿ ಸಾಯ್ತವಾ?" ಅಟ್ಟ ಹತ್ತಿಸಿದೆ. ಒಂದು ಕಾಯಿ ತೆಗೆದು ಮರಿಯ ಬೆನ್ನ ಹಿಂದೆ ಅಲ್ಲಾಡಿಸಿದೆ. ಮರಿ ಅಲುಗಲಿಲ್ಲ.

"ನೋಡ್ದಾ? ಕಿವುಡು."

ಕಾಯಿಯನ್ನು ನನ್ನ ಕಿವಿಗೇ ಹಿಡಿದು ಅಲ್ಲಾಡಿಸಿದೆ... ಸದ್ದೇ ಇಲ್ಲ! ನೀರು ಇಂಗಿದೆ, ಕೊಬ್ಬರಿ ಇನ್ನೂ ಚಿಪ್ಪು ಬಿಟ್ಟು ಒಳಗೆ ಉರುಳುವಷ್ಟು ಒಣಗಿಲ್ಲ. ಅವಸರದಲ್ಲಿ ಅರೆ ಒಣಗಿದ ರಾಶಿಗೆ ಕೈ ಹಾಕಿದ್ದೆ.

"ನಿಂಗೇನಾರ ಕೇಳಿಸ್ತೇನ್ಲಾ ಇದು?"

ವರ್ಷ ತುಂಬಿದ ರಾಶಿಯಿಂದ ಇನ್ನೊಂದು ತೆಗೆದೆ. ಲೊಡಲೊಡ! ಮರಿ ಗಿರ್ರನೆ ತಿರುಗಿತು. ಈಚೆ ಬಂದು ಅಲ್ಲಾಡಿಸಿದೆ — ಈಚೆಗೂ ತಿರುಗಿತು! ಮಗ ಏಣಿ ಇಳಿದ.

೧೧-೨, ಭಾನುವಾರ ಬೆಳಿಗ್ಗೆ

ಕಂದಿಕೆರೆ ಬಸ್ಸು ಹಾರನ್ ಹೊಡೆಯಿತು. ತೋಂಟದಾರ್ಯ ಹೋದ. ಚೀಲ ಗೂಟದಲ್ಲೇ ಇದೆ! ಮರಿ ನನ್ನ ಮಡಿಲಲ್ಲಿ. ಡಾಕ್ಟರ ಮಾತು ಕಿವಿಗೆ ಬಿದ್ದ ಸುವರ್ಣಮ್ಮ ಬೇಲಿಯಾಚೆಯಿಂದ: "ಅಕ್ಕಾ, ಅದು ಮರಿ ಹಾಕ್ದಾಗ ನಂಗೊಂದು ಕೊಡು." ಗೂಬೇನಾ? — ಎಂದು ಕೇಳುತ್ತೇನೆ, ಬರಲಿ. ಅಟ್ಟದಲ್ಲಿ ಏನೋ ಪರಪರ... ನನಗೆ ಕೇಳುವ ಮೊದಲೇ ಇದು ಎದ್ದು ನಿಂತಿದೆ. ಮಡಿಲಿಂದ ಹಾರಿತು — ತಡಿಯೇ, ಏಣಿ ನಿನಗೆ ಎತ್ತರ, ನಾನೇ ಹತ್ತಿಸುತ್ತೇನೆ! ಬರೆಯುವುದು ಆಮೇಲೆ.