ಹಿಮ್ರೂ ಶಾಲು ಟಪಾಲಿಗೆ ಹಾಕಿಲ್ಲ

ವಾಳೂಜ್, ಔರಂಗಾಬಾದ್
ಜೂನ್ ೨೦೦೯

ನೋರಾಬಾಯಿಯವರಿಗೆ ವೈಜನಾಥಪ್ಪನ ಶರಣು.

ನಾನು ನಿಮ್ಮೂರ ಆಸ್ಪತ್ರೆಯ ನರ್ಸ್ ರೂಪಾಳ ಅಪ್ಪ. ಕಲಿತದ್ದು ನಾಲ್ಕನೇ ಇಯತ್ತೆ, ಇಂಗ್ಲಿಷ್ ಬರೂದಿಲ್ಲ. ಇದನ್ನು ರೂಪಾನೇ ನಿಮಗೆ ಓದಿ ಹೇಳ್ತಾಳೆ. ರೂಪಾ, ಮೆತ್ತಗೆ ಮಾಡಿ ಹೇಳಬೇಡ.

ಉತ್ತರ ಐರ್ಲೆಂಡಿನಲ್ಲಿ ನೀವು ಮೊದಲು ಊರ ಕೌನ್ಸಿಲಿಗೆ, ಆಮೇಲೆ ಪ್ರಾಂತದ ಸಭೆಗೆ ಹೋದಿರಿ. ಈಗ ಯುರೋಪಿನ ಪಾರ್ಲಿಮೆಂಟಿಗೆ ಆರಿಸಿ ಬಂದೀರಂತೆ. ಸಂತೋಷ. ಆದರೆ ನಮ್ಮ ವಾರ್ಡಿನಿಂದ ಆರಿಸಿ ಬಂದವನೂ ಹಿಂಗೇ ಮೇಲಕ್ಕೆ ಹೋದ. ಈಗ ಅವನ ವಾಚ್‌ಮನ್ "ಸಾಹೇಬ್ ದಿಲ್ಲೀಲಾ", ದಿಲ್ಲಿಗೆ ಹೋಗ್ಯಾರೆ ಅಂತ ಬಾಗಿಲಲ್ಲೇ ತಿರುಗಿಸಿ ಕಳಿಸ್ತಾನೆ.

ರೂಪಾಳ ಗಂಡ, ನನ್ನ ಅಳಿಯ ಶಶಿಕಾಂತನ ವೀಸಾಕ್ಕೆ ನೀವೇ ಓಡಾಡುತ್ತಿದ್ದಿರಿ. ನಿಮ್ಮೂರಲ್ಲೇ ಹುಟ್ಟಿದ ತನ್ನ ಕೂಸಿನ ಮುಖ ಅವನು ಇನ್ನೂ ನೋಡಿಲ್ಲ. ಫ್ಯಾಕ್ಟರಿಯಿಂದ ಬಂದವನೇ ಟಪಾಲು ಬಂತಾ ಅಂತಾನೆ, ನಾನು ಬೈತೀನಿ. ಅವನು ಕೆಲಸಕ್ಕೆ ಹೋದ ಮೇಲೆ ನಾನೇ ಗೇಟಿನಲ್ಲಿ ನಿಂತಿರ್ತೀನಿ.

ಬ್ರಸೆಲ್ಸಿಗೆ ಹೊರಡುವ ಮೊದಲು ಆ ಕೆಲಸ ಮುಗಿಸಿರಿ. ಆಗದಿದ್ದರೆ ಯಾರಿಗೆ ಒಪ್ಪಿಸಿದಿರಿ ಅಂತ ಹೆಸರು ಹೇಳಿ ಹೋಗಿರಿ.

ಗೆದ್ದವರಿಗೆ ಶಾಲು ಹೊದಿಸೂದು ನಮ್ಮ ಕಡೆ ಪದ್ಧತಿ. ಈ ಊರಲ್ಲೇ ನೇಯುವ ಹಿಮ್ರೂ ಶಾಲು ನಿಮಗಾಗಿ ತಂದಿಟ್ಟೀನಿ. ಟಪಾಲಿಗೆ ಹಾಕೂದಿಲ್ಲ. ಶಶಿಕಾಂತ ಬಂದು ಹೊದಿಸ್ತಾನೆ.

ಹಾದಿ ನೋಡುವ,
ವೈಜನಾಥಪ್ಪ