ಕಿರೀಟದ ಪೆಟ್ಟಿಗೆಯಲ್ಲಿ ಉಂಡಿ

24 ಜುಲೈ 2006, ಸೋಮವಾರ. ಬೆಳಗ್ಗೆ 7:20

ಬಂದು ಕೂತ ಸಮಸ್ತ ಸಭಿಕರೇ, ಮುಂದಿನ ಸಾಲಿನ ಹಿರಿಯರೇ, ಗೋಡೆಗೆ ಒರಗಿ ನಿಂತ ತರುಣರೇ, ಕೂಸುಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡ ತಾಯಂದಿರೇ — ಸದ್ದು ಬೇಡ, ಪರದೆ ಏಳುತ್ತಿದೆ.

ಯಾರೂ ಇಲ್ಲ. ರೂಢಿ ಬಿಡುವುದಿಲ್ಲ. ಮೂವತ್ತು ವರ್ಷ ಕಂಪ್ಲಿ, ದರೋಜಿ, ಗಾದಿಗನೂರಿನ ಸ್ಟೇಜುಗಳ ಮೇಲೆ ರಾಜನ ಪಾರ್ಟು ಮಾಡಿದ ಗಾದಿಲಿಂಗಪ್ಪನಿಗೆ ನೋಟ್‌ಬುಕ್ಕೂ ಸಭೆಯೇ. ಎದುರಿಗೆ ಇರುವುದು ಒಂದು ಲೋಟ ಮೆಂತ್ಯದ ನೀರು. ತಿಂದದ್ದನ್ನೆಲ್ಲ ದಿನಾ ಬರೆದಿಡಿ ಅಂದಿದ್ದರು ಡಾಕ್ಟರು. ಬರೆಯುತ್ತಿದ್ದೇನೆ. ಅವರಿಗೆ ತೋರಿಸುವ ಪುಸ್ತಕ ಬೇರೆ.

ಏಳಕ್ಕೆ ಸರಿಯಾಗಿ ಸಂಡೂರಿನಿಂದ ಗಂಗಿಯ ಫೋನು. ತಂಗಿ ಗಂಗಾಂಬಿಕಾ. ಇಬ್ಬರಿಗೂ ಶುಗರು, ಅವ್ವ ಬಿಟ್ಟುಹೋದ ಆಸ್ತಿ. ಗಂಗಿಯ ಮಗಳು ಕಾವ್ಯ ಕಳೆದ ವರ್ಷ ಎರಡು ಮಷೀನು ತಂದು ಇಬ್ಬರಿಗೂ ಒಂದೊಂದು ಕೊಟ್ಟಳು. ಅಂದಿನಿಂದ ಪ್ರತಿ ಸೋಮವಾರ ಬೆರಳು ಚುಚ್ಚಿ ನೋಡಿ ಒಬ್ಬರಿಗೊಬ್ಬರು ನಂಬರು ಹೇಳುವುದು ಕರಾರು.

"ನಂದು ನೂರಾ ನಲವತ್ತೆಂಟು. ನಿಂದು ಹೇಳಣ್ಣ."

"ನೂರಾ ಮೂವತ್ತು."

"ಒಂದು ವಾರನೂ ಏರಂಗಿಲ್ಲಲ್ಲ ನಿಂದು. ಅದೆಂಗ ಮಾಡ್ತಿ?"

"ಮನಸು ಗಟ್ಟಿ ಇರಬೇಕು ಗಂಗಿ."

ಈ ನಾಗರ ಪಂಚಮಿಗೆ ಅವಳು ಉಂಡಿ ಮುಟ್ಟುವುದಿಲ್ಲವಂತೆ. ಅದಕ್ಕೂ ಮುಂಚಿನ ರೊಟ್ಟಿ ಹಬ್ಬದ ದಿನ ಹೊಟ್ಟೆ ತುಂಬ ರೊಟ್ಟಿ, ಕಾಳು ಪಲ್ಯ. ಉಂಡಿ ಮಕ್ಕಳಿಗೆ. ನಿನಗೂ ಬ್ಯಾಡ, ನನಗೂ ಬ್ಯಾಡ, ಇಬ್ಬರೂ ಕೂಡೇ ಅಂದಳು. ಮಾತು ಕೊಟ್ಟೆ. ಹಿಂದಿನ ಸಾಲಿಗೂ ಕೇಳುವ ದನಿಯಲ್ಲಿ ಕೊಟ್ಟೆ.

ನನ್ನ ಮಷೀನು ಯುಗಾದಿಯಿಂದ ಕವರಿನಿಂದ ಹೊರಗೆ ಬಂದಿಲ್ಲ. ಬೆರಳು ಚುಚ್ಚುವ ಭಯವಲ್ಲ, ನಂಬರು ನೋಡುವ ಭಯ.

ಫೋನು ಇಟ್ಟು ಹಿಂದಿನ ಕೋಣೆಗೆ ಹೋದೆ. ನಾಟಕದ ಟ್ರಂಕಿನಲ್ಲಿ ಕಿರೀಟದ ಪೆಟ್ಟಿಗೆ. ಕಿರೀಟದೊಳಗೆ ಕಾಗದ ಸುತ್ತಿದ ಶೇಂಗಾ ಉಂಡಿ. ತಿಂದದ್ದು: ಒಂದು. ಅಲ್ಲ, ಎರಡು.

28 ಜುಲೈ, ಶುಕ್ರವಾರ. ರಾತ್ರಿ 8

ರೊಟ್ಟಿ ಹಬ್ಬ. ಗಂಗಿ, ಕಾವ್ಯ ಬಂದರು. ಬಿಟ್ಟುಹೋಗಲು ಬಂದ ಸಿದ್ದಲಿಂಗೇಶ್, ಗಂಗಿಯ ಗಂಡ, ಕೂರಲೂ ಇಲ್ಲ. ಅದಿರಿನ ಲಾರಿ ನಾಲ್ಕಾಗಿವೆ, ಊಟಕ್ಕೆ ಪುರುಸೊತ್ತಿಲ್ಲ. ಹೊಸ ಬಿಳಿ ಕಾರು ಸಂಡೂರಿನ ಧೂಳಿಗೆ ಇಟ್ಟಂಗಿ ಬಣ್ಣವಾಗಿತ್ತು. ಗೋಡಂಬಿ, ಖರ್ಜೂರದ ಉಂಡಿ ಎಂದು ದೊಡ್ಡ ಡಬ್ಬಿ ಇಳಿಸಿದ. ಮೊದಲು ಅವರ ಮನೆಯಿಂದ ಎಳ್ಳುಂಡಿ ಬರುತ್ತಿತ್ತು, ಬಟ್ಟೆಯಲ್ಲಿ ಕಟ್ಟಿಕೊಂಡು.

ಗಂಗಿ ಊಟ ಮಾಡಿದ್ದನ್ನು ನೋಡಿದೆ. ಎರಡು ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಮಡಕಿ ಕಾಳು, ಸವತೆಕಾಯಿ, ಒಂದು ಬಟ್ಟಲು ಮೊಸರು. ನಿಧಾನಕ್ಕೆ, ಒಂದೊಂದು ತುತ್ತನ್ನೂ ಮಾತಾಡಿಸುವವಳಂತೆ.

"ಹೊಟ್ಟಿಯಾಗ ಜಾಗ ಇಲ್ಲಂದ್ರ ಆಸೀನೂ ಇರಂಗಿಲ್ಲ" ಅಂದಳು.

ಆಮೇಲೆ ಗಂಗಿ ನನ್ನ ಹೆಂಡತಿ ಮರುಳಸಿದ್ದಮ್ಮನ ಜೊತೆ ಉಂಡಿ ಕಟ್ಟಲು ಕೂತಳು. ಸೆರಗಿನಿಂದ ಬಾಯಿ ಕಟ್ಟಿಕೊಂಡಿದ್ದಾಳೆ.

"ಏನವ್ವಾ, ಲಾರಿ ಹಿಂದ ಹೊಂಟಿಯೇನು, ಧೂಳು ಕುಡೀಬಾರದಂತ?" ಎಂದು ಛೇಡಿಸಿದಳು ಮರುಳಸಿದ್ದಮ್ಮ.

"ಕೈ ನನ್ನ ಮಾತು ಕೇಳಂಗಿಲ್ಲ ಅತ್ತಿಗಿ. ಬಾಯಿಗೆ ಬಾಗಲಾ ಹಾಕೀನಿ. ಸಿಹಿ ಹೆಂಗೈತಿ ನೀನ ನೋಡು."

ಎಲ್ಲರೂ ನಕ್ಕರು. ನಾನೂ. ಇಳಿಹೊತ್ತಿನವರೆಗೆ ನೂರೈವತ್ತು ಉಂಡಿ ಕಟ್ಟಿದಳು, ಒಂದು ಚೂರನ್ನೂ ನಾಲಿಗೆಗೆ ತಾಗಿಸಲಿಲ್ಲ. ನಾನು ಅಡುಗೆ ಮನೆಯ ಬಾಗಿಲು ದಾಟುವಾಗಲೆಲ್ಲ ತಟ್ಟೆಯ ಅಂಚಿನಿಂದ ಒಂದು ಮಾಯ. ತಿಂದದ್ದು: ಬರೆಯುವುದಿಲ್ಲ.

30 ಜುಲೈ, ಭಾನುವಾರ. ಸಂಜೆ 5

ಪಂಚಮಿ. ಸರಿಯಾಗಿ ಬರೆಯಬೇಕು, ನಡೆದದ್ದು ನಡೆದಂತೆ.

ಬೆಳಗ್ಗೆ ನಾಗರಕಲ್ಲಿಗೆ ಹಾಲೆರೆಯಲು ಹೋದೆವು. ಬರಿಗಾಲು, ಕಾಲುವೆಯ ಏರಿಯ ಮೇಲೆ. ದೇವರ ಪಾಲು, ಗುರುವಿನ ಪಾಲು ಆಯಿತು. ಮೂರನೆಯದು ಗಂಡನದಲ್ಲ, ಮಗಳದಲ್ಲ. "ಅಣ್ಣನ ಪಾಲು" ಎಂದು ಎರೆದಳು ಗಂಗಿ. ಪ್ರತಿ ವರ್ಷವೂ ಹಾಗೇ. ತಿರುಗಿ ಬಂದಾಗ ಹೊಸ್ತಿಲ ಮೇಲೆ ಸಣ್ಣ ಕೆಂಪು ಕಲೆ. ಅವಳ ಬಲಗಾಲಿನ ಹೆಬ್ಬೆರಳಿನಲ್ಲಿ ಜಾಲಿ ಮುಳ್ಳು. ಅವಳಿಗೆ ಗೊತ್ತೇ ಆಗಿರಲಿಲ್ಲ. ಕಿತ್ತು ಅರಿಶಿನ ಹಚ್ಚಿದಳು, ಮರೆತಳು.

ಮಧ್ಯಾಹ್ನ ಪಂಕ್ತಿ. ಇಪ್ಪತ್ತೆರಡು ಎಲೆ. ನಮ್ಮ ಮನೆಯಲ್ಲಿ ಉಂಡಿ ಬಡಿಸುವುದು ನಾನೇ. ತಟ್ಟೆ ಹಿಡಿದು ಒಬ್ಬೊಬ್ಬರ ಮುಂದೆ ನಿಂತು ಒಂದೊಂದು ಮಾತು ಹೊಡೆಯುವುದು, ಬೇಡ ಎಂದವರ ಎಲೆಗೆ ಎರಡು ಬೀಳುವುದು. ಇಷ್ಟು ವರ್ಷದಲ್ಲಿ ಗೆದ್ದವರಿಲ್ಲ.

ಗಂಗಿ ಎಲೆಯ ಮೇಲೆ ಅಂಗೈ ಇಟ್ಟು ತಲೆ ತಗ್ಗಿಸಿ ಕೂತಿದ್ದಳು. ದಾಟಿ ಹೋಗಬೇಕಿತ್ತು. ಎರಡು ಹೆಜ್ಜೆ, ಅಷ್ಟೇ. ಆದರೆ ಪಂಕ್ತಿ ಇಡೀ ಕೈ ತಡೆದು ನೋಡುತ್ತಿತ್ತು. ರಾಜ ಏನು ಮಾಡುತ್ತಾನೆ ಎಂದು. ಮಂಡಿಯೂರಿದೆ. ಎದೆಯ ಮೇಲೆ ಕೈ.

"ಅಣ್ಣನ ಪಾಲನ್ನು ನಾಗಪ್ಪನಿಗೆ ಎರೆದು ಬಂದ ತಂಗಿಯೇ, ಈಗ ಅಣ್ಣನ ಕೈಯ ತುತ್ತನ್ನು ನೂಕುವೆಯಾ?"

ಚಪ್ಪಾಳೆ. ಯಾರೋ ಸಿಳ್ಳೆಯನ್ನೂ ಹಾಕಿದರು. ಅವಳು ತುಟಿ ಅಲುಗಿಸದೆ, "ಅಣ್ಣ, ಮಾತಾಗಿತ್ತಲ್ಲ" ಅಂದಳು.

ಇಷ್ಟಕ್ಕೆ ಎದ್ದಿದ್ದರೂ ಕ್ಷಮೆ ಇತ್ತು. ಕಿವಿಯ ಹತ್ತಿರ ಬಗ್ಗಿದೆ. ಯಾರಿಗೂ ಕೇಳಿಸದಂತೆ ನಾನು ಜನ್ಮದಲ್ಲಿ ಆಡಿದ್ದು ಅದೊಂದೇ ಮಾತಿರಬೇಕು.

"ಒಂದರಲೇ ಏನಾಗತೈತಿ. ನಾ ದಿನಾ ಒಂದು ತಿಂತೀನಿ. ಆದ್ರೂ ನೂರಾ ಮೂವತ್ತು."

ನನ್ನ ಮುಖ ನೋಡಿದಳು. ನಂಬಿದಳು. ಅಂಗೈ ತೆಗೆದಳು.

ತಿನ್ನುವಾಗ ಕಣ್ಣು ಮುಚ್ಚಿದ್ದಳು. ಒಂದು ವರ್ಷದ ಮೇಲೆ. ಆಮೇಲೆ ತಾನೇ ಇನ್ನೊಂದು ಕೇಳಿದಳು. ಒಟ್ಟು ನಾಲ್ಕು. ಜೋಕಾಲಿ ಆಡುವಾಗ ಸಣ್ಣ ಹುಡುಗಿಯಂತೆ ನಕ್ಕಳು. ನನಗೂ ಖುಷಿ — ಇನ್ನು ಒಬ್ಬನೇ ತಿನ್ನಬೇಕಾಗಿಲ್ಲ ಎಂಬ ಖುಷಿ. ಅದನ್ನೂ ಬರೆದಿಡುತ್ತೇನೆ.

14 ಆಗಸ್ಟ್, ಸೋಮವಾರ

"ನಂದು ಎರಡುನೂರಾ ಹತ್ತು ಆಗೈತಣ್ಣ. ನಿನ್ನಂಗ ದಿನಾ ಒಂದ ತಿನ್ನಾಕತ್ತೀನಿ. ಒಂದಕ್ಕಿಂತ ಹೆಚ್ಚು ಮುಟ್ಟಿಲ್ಲ, ಆಣಿ ಮಾಡ್ತೀನಿ. ನಿಂಗ ಒಗ್ಗಿದ್ದು ನಂಗ ಯಾಕ ಒಗ್ಗವಲ್ದು?"

ಇಲ್ಲಿ ನನ್ನ ಮಾತು ಇತ್ತು. ಪ್ರಾಂಪ್ಟರ್ ಪರದೆಯ ಸಂದಿಯಿಂದ ಎತ್ತಿಕೊಟ್ಟ ಹಾಗೆ ಕಿವಿಯಲ್ಲಿ ಸ್ಪಷ್ಟ ಕೇಳಿಸಿತು. ಸುಳ್ಳು ಗಂಗಿ, ನಾ ನೋಡೇ ಇಲ್ಲ. ಅಷ್ಟೇ ಮಾತು.

"ಹೆಚ್ಚು ನಡಿ. ಬೆಳಗ್ಗೆ, ಸಂಜಿ" ಅಂದೆ.

"ಆ ಮುಳ್ಳು ಚುಚ್ಚಿದ ಹೆಬ್ಬೆಟ್ಟಿನಾಗ ಹುಣ್ಣಾಗೇತಿ, ನಡಿಯಾಕ ಬರವಲ್ದು. ನೋವು ಮಾತ್ರ ಇಲ್ಲ."

ನೋವಿಲ್ಲವೆಂದರೆ ಒಳ್ಳೆಯದೇ ಅಂದುಕೊಂಡೆ. ಅಂದುಕೊಳ್ಳಲು ಅನುಕೂಲವಾಗಿತ್ತು.

28 ಆಗಸ್ಟ್, ಸೋಮವಾರ

ನಿನ್ನೆ ಗಣಪತಿ ಹಬ್ಬ. ಕಡುಬು. ತಿಂದದ್ದು: ಆರು.

ಗಂಗಿಯ ಫೋನು. ಮಷೀನು ಕೆಟ್ಟಿದೆಯಂತೆ. ಮುನ್ನೂರಾ ಹತ್ತು ತೋರಿಸುತ್ತಿದೆಯಂತೆ.

"ದಿನಾ ಒಂದ ಉಂಡಿಗೆ ಅಷ್ಟು ಏರತೈತೇನು? ಅಣ್ಣಗ ಏರಂಗಿಲ್ಲ, ನಂಗ ಹೆಂಗ ಏರತೈತಿ? ಮಷೀನೇ ಕೆಟ್ಟಿರಬೇಕು. ಹೌದಿಲ್ಲೋ?"

"ಇರಬಹುದು" ಅಂದೆ.

ಇರಬಹುದು. ಹತ್ತು ಪುಟದ ಮಾತನ್ನು ಒಂದೇ ಉಸಿರಿಗೆ ಹೇಳುವವನ ಬಾಯಿಂದ ಇಂದು ಬಂದದ್ದು ಇದೊಂದೇ.

18 ಸೆಪ್ಟೆಂಬರ್, ಸೋಮವಾರ. ಹೊಸಪೇಟೆ

ಗಂಗಿಯ ಹೆಬ್ಬೆರಳು ತೆಗೆದರು. ಬಲಗಾಲಿನದು. ಕಪ್ಪಾಗಿತ್ತಂತೆ, ಎರಡು ದಿನ ತಡವಾಗಿದ್ದರೆ ಪಾದವೇ ಅಂದರು ಡಾಕ್ಟರು. ಶುಗರು ಇಳಿಯದಿದ್ದರೆ ಆ ಮಾತು ಈಗಲೂ ಇದೆಯಂತೆ.

ಆಸ್ಪತ್ರೆಯ ಕಾರಿಡಾರಿನಲ್ಲಿ ಸಿದ್ದಲಿಂಗೇಶ್. ಅಂಗಿ ತುಂಬ ಕೆಂಪು ಧೂಳು, ಗಣಿಯಿಂದ ನೇರ ಬಂದಿದ್ದ.

"ಬಾಯಿ ಕಟ್ಟಂತ ಎಷ್ಟು ಸಲ ಹೇಳೀನಿ ಭಾವ. ಡಬ್ಬಿ ಮುಚ್ಚಿಟ್ರ ತಗದು ತಿಂದಾಳ. ಕಾಲು ಬೇಕೋ ಉಂಡಿ ಬೇಕೋ ಅಂತ ಕೇಳ್ರಿ ನಿಮ್ಮ ತಂಗೀನ."

ಕಾವ್ಯ ಅತ್ತು ಕಣ್ಣು ಊದಿಸಿಕೊಂಡಿದ್ದಳು. "ಅವ್ವಗ ನಾಲಿಗಿ ಮ್ಯಾಲ ಹಿಡಿತ ಇಲ್ಲ ಮಾಮ. ನಿನ್ನ ನೋಡಿ ಆದ್ರೂ ಕಲೀಬಾರದಿತ್ತಾ?"

ಗೋಡೆಗೆ ಒರಗಿ ನಿಂತಿದ್ದೆ. ಹಿಂದಿನ ಸಾಲಿನ ತರುಣನ ಹಾಗೆ. 

ಒಳಗೆ ಗಂಗಿ ನನ್ನ ಕೈ ಹಿಡಿದುಕೊಂಡಳು. "ಅವರಿಗೆ ಬೈಯಬ್ಯಾಡಣ್ಣ, ಖರೇನೇ ಅಂದಾರ. ನೀ ಒಂದಕ್ಕ ನಿಲ್ಲಸ್ತಿ, ಶುಗರೂ ನಿಂತ ಜಾಗದಾಗ ನಿಲ್ತದ. ನನ್ನ ಮೈಯೇ ಸುಮಾರು."

ಬಸ್ಸಿನಲ್ಲಿ ಬರುವಾಗ ನನ್ನ ಎರಡೂ ಕಾಲಿನ ಬೆರಳುಗಳನ್ನು ಚಪ್ಪಲಿಯೊಳಗೆ ಅಲುಗಿಸಿ ನೋಡಿದೆ. ಹತ್ತೂ ಇದ್ದವು.

20 ಸೆಪ್ಟೆಂಬರ್, ಬುಧವಾರ. ಸಂಜೆ 4

ಮರುಳಸಿದ್ದಮ್ಮ ಹಿಂದಿನ ಕೋಣೆ ಗುಡಿಸುತ್ತಿದ್ದವಳು ಕರೆದಳು. ಕೂಗಲಿಲ್ಲ, ಮೆಲ್ಲಗೆ ಕರೆದಳು. ಅದಕ್ಕೇ ಗೊತ್ತಾಯಿತು.

ಟ್ರಂಕು ತೆರೆದಿತ್ತು. ಗೋಡೆಯಿಂದ ಟ್ರಂಕಿನವರೆಗೆ ಇರುವೆ ಸಾಲು. ಕಿರೀಟದ ಬೇಗಡೆ ಕಾಣದಷ್ಟು ಇರುವೆ.

"ರಾಜರ ಕಿರೀಟಕ್ಕ ಇರುವಿ ಹತ್ಯಾವ ನೋಡ್ರಿ."

ನಾನು ಪೆಟ್ಟಿಗೆಯ ಮುಚ್ಚಳ ಹಾಕಲು ಹೋದೆ.

"ಯುಗಾದಿಯಿಂದ ನಂಗ ಗೊತ್ತೈತಿ. ಗಂಡಸರು, ತಿನ್ನಲಿ, ಅವರ ಜೀವ ಅಂತ ಸುಮ್ಮನಿದ್ದೆ. ಪಂಕ್ತಿಯಾಗ ಆಕಿ ಕಿವಿಯಾಗ ಏನು ಅಂದ್ರಿ ಅವತ್ತು?"

ಹೇಳಿದೆ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಇವಳು ಪೊರಕೆ ಕೆಳಗಿಟ್ಟು ಕೂತದ್ದು ಕಂಡಿರಲಿಲ್ಲ. ಕೂತಲ್ಲೇ ಅಂದಳು, "ಮೊದಲು ನಿಮ್ಮ ನಂಬರು ನೋಡ್ರಿ. ಆಮ್ಯಾಲ ಆಕಿ ಮುಖ ನೋಡ್ರಿ."

ಮಷೀನು ತೆಗೆಯಲು ಧೈರ್ಯ ಸಾಲಲಿಲ್ಲ. ಲ್ಯಾಬಿಗೆ ಹೋದೆ. ರಕ್ತ ತೆಗೆಯುವ ಪಕೀರಪ್ಪ ನಮ್ಮ ಕಂಪನಿಯ ಹಾರ್ಮೋನಿಯಂ ಮಾಸ್ತರ. ಚೀಟಿ ನೋಡಿ ಎರಡು ಸಲ ಕನ್ನಡಕ ಒರೆಸಿದ.

"ರಾಜರೇ, ಮುನ್ನೂರಾ ನಲವತ್ತೆರಡು. ನಡಕೊಂಡು ಬಂದ್ರಲ್ಲ, ಅದ ದೊಡ್ಡದು."

ಗಂಗಿಗಿಂತ ಹೆಚ್ಚು. ಮುಳ್ಳು ಮಾತ್ರ ಅವಳಿಗೆ ಚುಚ್ಚಿತ್ತು.

20 ಅಕ್ಟೋಬರ್, ಶುಕ್ರವಾರ. ಸಂಜೆ 6

ಒಂದು ತಿಂಗಳು ಬರೆದಿಲ್ಲ. ಬರೆಯಲು ತಿಂದದ್ದಾದರೂ ಏನಿತ್ತು — ರೊಟ್ಟಿ, ಪಲ್ಯ, ಮಾತ್ರೆ. ಕಿರೀಟವನ್ನು ಬಿಸಿಲಿಗೆ ಹಾಕಿ ಒರೆಸಿಟ್ಟಿದ್ದೇನೆ. ಪ್ರತಿ ಸೋಮವಾರ ಮಷೀನು ಹಿಡಿದು ಏಳಕ್ಕೆ ಕಾದೆ. ನನ್ನದು ಇನ್ನೂರಾ ತೊಂಬತ್ತು, ಇನ್ನೂರಾ ಅರವತ್ತು, ಇನ್ನೂರಾ ಮೂವತ್ತು, ಇನ್ನೂರಾ ಐದು. ಹೇಳೋಣವೆಂದರೆ ಗಂಗಿಯ ಫೋನು ಬರಲಿಲ್ಲ. ನಾನೇ ಮಾಡಬಹುದಿತ್ತು. ಮಾಡಲಿಲ್ಲ.

ಇಂದು ಎಲ್ಲರೂ ದೀಪಾವಳಿಗೆ ಬಂದಿದ್ದಾರೆ. ಗಂಗಿ ಮುಂಭಾಗ ಕತ್ತರಿಸಿದ ರಬ್ಬರ್ ಚಪ್ಪಲಿ ಹಾಕಿಕೊಂಡು, ಕಾವ್ಯಳ ಹೆಗಲು ಹಿಡಿದು ಕಾರಿನಿಂದ ಇಳಿದಳು. ಅದೇ ಹೊಸ್ತಿಲು. ಊಟಕ್ಕೆ ಕೂತಾಗ ನೋಡಿದೆ. ರೊಟ್ಟಿ ಬದಿಗೆ ಸರಿಸಿ ಹೋಳಿಗೆಗೇ ಕೈ ಹಾಕಿದಳು. ತಡೆಯಲು ಹೋದ ಇವಳಿಗೆ ಅಂದಳು:

"ಬಿಡು ಅತ್ತಿಗಿ. ಸೆರಗಿಲೆ ಬಾಯಿ ಕಟ್ಟಿಕೊಂಡೂ ನೋಡಿದೆ, ಅಣ್ಣನಂಗ ಒಂದ ತಿಂದೂ ನೋಡಿದೆ. ಎರಡೂ ನಂಗ ಒಗ್ಗಲಿಲ್ಲ. ಮೈಯೇ ಕೆಟ್ಟಿದ್ರ ಯಾಕ ಬಾಯಿ ಕಟ್ಟಲಿ? ಹೋಗೋ ಕಾಲು ಹೋಗ್ತದ."

ಮಷೀನು ಕಪಾಟಿನ ಮೇಲೆ ಎಸೆದಿದ್ದಾಳಂತೆ. ಮರುಳಸಿದ್ದಮ್ಮ ನನ್ನ ಕಡೆ ನೋಡಿದಳು. ನಾನು ನೀರು ಕುಡಿದೆ.

ಆಮೇಲೆ ಕಾವ್ಯ ಹಿತ್ತಲಿಗೆ ಬಂದಳು. "ಮಾಮ, ನಾಳಿ ಆರತಿ ಹೊತ್ತಿಗೆ ಎಲ್ಲಾರೂ ಕುಂತಾಗ ಅವ್ವಗ ನಾಲ್ಕು ಬುದ್ಧಿಮಾತು ಹೇಳು. ನಿನ್ನ ಸ್ಟೇಜ್ ದನಿಯಾಗ. ಬ್ಯಾರೇ ಯಾರ ಮಾತೂ ಕೇಳಂಗಿಲ್ಲ, ನೀ ಹೇಳಿದ್ರ ನಂಬತಾಳ."

ನಂಬುತ್ತಾಳೆ. ಹೌದು.

ಆಗಲಿ ಅಂದೆ. ಒಳಗೆ ಬಂದು ಬಾಗಿಲು ಹಾಕಿಕೊಂಡು ರೂಢಿಯಂತೆ ಮಾತು ಕಟ್ಟತೊಡಗಿದೆ. 'ಕೇಳು ತಂಗಿಯೇ' ಎಂದು ಶುರುವಾಯಿತು. ನನ್ನ ದನಿ ಕೇಳಿ ನನಗೇ ಹೇಸಿಗೆಯಾಯಿತು. ಬರೆದ ಹಾಳೆ ಹರಿದು ಹಾಕಿದೆ.

ಮಷೀನಿನ ಡಬ್ಬಿ ದಿಂಬಿನ ಪಕ್ಕ ಇಟ್ಟಿದ್ದೇನೆ. ಹೊಸ ಸೂಜಿ ಇದೆ. ಮರುಳಸಿದ್ದಮ್ಮನಿಗೂ ಹೇಳಿಲ್ಲ, ಹೇಳಿದರೆ ಧೈರ್ಯ ಅವಳಿಂದ ಸಾಲ ತಂದ ಹಾಗಾಗುತ್ತದೆ.

ನಾಳೆ ಬೆಳಗ್ಗೆ ಎಣ್ಣೆ ಸ್ನಾನ ಮುಗಿಸಿ ಎಲ್ಲರೂ ಕೂರುತ್ತಾರೆ. ನನಗೆ ಮಣೆ ಹಾಕುತ್ತಾರೆ. ಕೂರುವುದಿಲ್ಲ. ಗಂಗಿ ಆರತಿ ತಟ್ಟೆ ಎತ್ತುವ ಮೊದಲು ಅವಳ ಕಾಲ ಹತ್ತಿರ, ಬರಿ ನೆಲದ ಮೇಲೆ ಕೂರುತ್ತೇನೆ. ಮಂಡಿಯೂರಿ ಅಲ್ಲ. ಮಷೀನನ್ನು ಅವಳ ಕೈಗೇ ಕೊಟ್ಟು ಬೆರಳು ಚಾಚುತ್ತೇನೆ. ಅವಳೇ ಚುಚ್ಚಲಿ. ಬಂದ ನಂಬರನ್ನು ಅವಳೇ ಓದಲಿ, ಸಿದ್ದಲಿಂಗೇಶನಿಗೂ ಕಾವ್ಯಳಿಗೂ ಕೇಳುವಂತೆ. ಪಕೀರಪ್ಪನ ಚೀಟಿಯನ್ನೂ ಮುಂದಿಡುತ್ತೇನೆ. ಆಮೇಲೆ, ಸಣ್ಣ ದನಿಯಲ್ಲಿ, ಆದರೆ ಈ ಸಲ ಎಲ್ಲರಿಗೂ ಕೇಳುವಷ್ಟು, ಹೇಳುತ್ತೇನೆ — ಗಂಗಿ, ನಿನ್ನ ಮೈ ಕೆಟ್ಟಿಲ್ಲ, ನಿನ್ನ ಮಷೀನೂ ಕೆಟ್ಟಿರಲಿಲ್ಲ, ಆ ನೂರಾ ಮೂವತ್ತು...