ನೀನು ನಿಲ್ಲುತ್ತಿದ್ದ ಜಾಗದ ಹುಲ್ಲು

ಅಪ್ಪಾ,

ಇವತ್ತು ನಿನ್ನ ಮೊಮ್ಮಗಳ ಮೊದಲ ಕೂದಲು ತೆಗೆಸಿದೆವು. ಚೆಂಡು ಒಲಿಯಲಿ ಎಂದು ನಮ್ಮ ಅಂಬೋನ್ ದ್ವೀಪದಲ್ಲಿ ಈ ದಿನ ಮಗುವಿನ ಪಾದಕ್ಕೆ ಸವರುವ ಮೈದಾನದ ಹುಲ್ಲು ತರಲು ನಾನೇ ಹೊರಟೆ.

"ನಿಮ್ಮಪ್ಪನ ಹಾಗೆ ಗೋಲುಕಂಬದ ಹತ್ರ ಕೀಳ್ಬೇಡ ಮಾರಾಯ," ಎಂದು ಸಲೇಹ್ ಚಿಕ್ಕಪ್ಪ ನಕ್ಕರು. "ಗೋಲು ಹೊಡೆಯೋ ಮಗ ಬೇಕು ಅಂದಿದ್ದ. ಆಗಿದ್ದು ಗೋಲ್‌ಕೀಪರ್!"

ಇಂಡೋನೇಷ್ಯಾದ ಪರ ಹನ್ನೊಂದು ವರ್ಷ ಗೋಲು ಕಾಯ್ದೆ. ಹುಲ್ಲು ಕಿತ್ತ ಜಾಗ ತಪ್ಪಿತು ಎಂದು ನೀನು ಕೊನೆಯವರೆಗೂ ಗೊಣಗುತ್ತಿದ್ದೆಯಂತೆ. ಆ ಕೊನೆಯ ದಿನ ನನಗೆ ಬ್ಯಾಂಕಾಕಿನಲ್ಲಿ ಪಂದ್ಯವಿತ್ತು.

ನಮ್ಮೂರ ಮೈದಾನದಲ್ಲಿ, ನಾನು ಆಡುವಾಗ ನೀನು ನಿಂತು ಬೈಯುತ್ತಿದ್ದ ಮೂಲೆಗೆ ಹೋದೆ. ಆಗೆಲ್ಲ ನಿನ್ನ ಕಾಲ ತುಳಿತಕ್ಕೆ ಅಲ್ಲಿ ಒಂದು ಹುಲ್ಲೆಸಳೂ ಉಳಿಯುತ್ತಿರಲಿಲ್ಲ.

ಈಗ ಮೊಣಕಾಲುದ್ದ ಬೆಳೆದಿದೆ ಅಪ್ಪಾ. ಅಲ್ಲಿಂದಲೇ ಕಿತ್ತೆ.